ಹಟ್ಟಿಯ ಹರಳು

ಹದಿನೆಂಟು. ಕಂಬಳಿಯೊಳಗೆ ಕ್ಯಾತಪ್ಪನ ಹೆಬ್ಬೆರಳು ಇನ್ನೊಂದು ಸಲ ಗೆಣ್ಣಿನಿಂದ ಗೆಣ್ಣಿಗೆ ಹತ್ತಿಳಿದು ಅಲ್ಲಿಗೇ ಬಂದು ನಿಂತಿತು. ಹಟ್ಟಿಯಲ್ಲಿ ಮನೆ ಹದಿನೆಂಟು, ಊರಲ್ಲಿ ಹದಿನೇಳು. ಮನೆಗೊಂದು ಕೈ. ವಾರದಿಂದ ಅವನು ಹೀಗೆ ಕದ್ದು ಎಣಿಸುತ್ತಿದ್ದ. ಹಟ್ಟಿಯಲ್ಲಿ ತಲೆ ಎಣಿಸುವುದು ನಿಷಿದ್ಧ, ಕುರಿಯದಾಗಲಿ, ಮನುಷ್ಯರದಾಗಲಿ. ಎಣಿಸಿದ್ದು ತೋಳಕ್ಕೆ ಕೇಳಿಸುತ್ತದೆ ಎನ್ನುತ್ತಾರೆ.

ಶಾಲೆಯ ಜಗಲಿಯ ಮೇಲೆ ಹೆಡ್‌ಮಾಸ್ತರ್ ಮಹಾಲಿಂಗಯ್ಯನವರು ಗಂಟಲು ಸರಿಮಾಡಿಕೊಂಡರು. ಅವರ ಮಾತು ಹೊರಡುವುದು ಮೂಗಿನಿಂದ. "ಪೋಷಕ ಬಂಧುಗಳೇ, ಬೆಟರ್‌ಮೆಂಟ್ ಕಮಿಟಿಯ ಅಧ್ಯಕ್ಷಗಿರಿಗೆ ಇಬ್ಬರು ಉಮೇದುವಾರರು. ಹಾಲಿ ಅಧ್ಯಕ್ಷರಾದ ಪಾಲಪ್ಪನವರು, ಮತ್ತು, ಊಂ, ಕ್ಯಾತಪ್ಪ." ಆ 'ಊಂ' ಸಹಿತ ಈ ಮೂಗುದನಿಯನ್ನು ಕ್ಯಾತಪ್ಪನ ಮಗಳು ಪುಟ್ಟಕ್ಕ ದಿನಾ ಸಂಜೆ ಹಟ್ಟಿಯಲ್ಲಿ ಆಡಿ ತೋರಿಸುತ್ತಿದ್ದಳು. ಅಜ್ಜಿ ನಾಗಕ್ಕ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು. ಇವತ್ತು ಅಜ್ಜಿ ನಗಲಿಲ್ಲ. ಬೇವಿನ ಬುಡದಲ್ಲಿ ಮಂಡಿಗೆ ಗಲ್ಲ ಊರಿ ಕೂತಿದ್ದಳು. ಉಮೇದುವಾರ ತನಗೆ ತಾನೇ ಕೈ ಎತ್ತುವಂತಿಲ್ಲವಾದ್ದರಿಂದ ಕ್ಯಾತಪ್ಪನ ಮನೆಯ ಕೈ ಅವಳದೇ.

ಕ್ಯಾತಪ್ಪನಿಗೆ ಅಧ್ಯಕ್ಷಗಿರಿಯ ತೆವಲೇನೂ ಇರಲಿಲ್ಲ. ಶಾಲೆಗೊಂದು ಹೊಸ ಕೋಣೆ ಮಂಜೂರಾಗಿತ್ತು. ಎಲ್ಲಿ ಕಟ್ಟಬೇಕೆಂದು ಹೇಳುವವನು ಅಧ್ಯಕ್ಷ. ಪಾಲಪ್ಪ ತನ್ನ ಅಂಗಡಿಯ ಪಕ್ಕ ಗೂಟ ಹೊಡೆಸಿಯಾಗಿತ್ತು. ಹಟ್ಟಿಗೂ ಊರಿಗೂ ನಡುವೆ ಹಳ್ಳ. ಕೋಣೆ ಹಟ್ಟಿಯ ದಡಕ್ಕೆ ಬಂದರೆ ಮಳೆಗಾಲದಲ್ಲೂ ಮಕ್ಕಳಿಗೆ ಪಾಠ. ಹೋದ ವರ್ಷ ಮೂವತ್ತೆಂಟು ದಿನ ಗೈರುಹಾಜರಿ ಬಿದ್ದು ಪುಟ್ಟಕ್ಕ ಮೂರನೇ ಕ್ಲಾಸಿನಲ್ಲೇ ಕೂತಿದ್ದಳು. "ಇನ್ನೊಂದ್ ಕಿತ ಫೇಲಾದ್ರೆ ಕುರಿ ಹಿಂದೆ ಹೊಂಟೋಗು," ಎಂದು ನಾಗಕ್ಕ ತೀರ್ಪು ಕೊಟ್ಟಿದ್ದಳು. ನಾಗಕ್ಕನ ತೀರ್ಪಿಗೆ ಮೇಲಿನ ಕೋರ್ಟು ಹಟ್ಟಿಯಲ್ಲಿರಲಿಲ್ಲ.

ಮೊದಲು ಪಾಲಪ್ಪನ ಸರದಿ. ಹದಿನೇಳು ಕೈ, ಹದಿನೇಳು ಅಂಕಿ, ಮಹಾಲಿಂಗಯ್ಯನವರು ಬರೆದುಕೊಂಡರು.

"ಈಗ ಕ್ಯಾತಪ್ಪನ ಪರ."

ಹಟ್ಟಿಯವರ ಕೈ ದಡಬಡ ಮೇಲೆದ್ದವು. ಕ್ಯಾತಪ್ಪನ ಎದೆ ಹಗುರಾಯಿತು. ಮೇಷ್ಟ್ರು ತೋರುಬೆರಳು ಚಾಚಿ "ಒಂದು" ಎಂದರು. ಮುಂದೆ ಕೂತಿದ್ದ ಹುಚ್ಚಣ್ಣ ಕೈ ಇಳಿಸಿ ಕಂಬಳಿಯೊಳಗೆ ಅಡಗಿಸಿದ. "ಎರಡು" ಎಂದರು, ದಾಸಮ್ಮ ತಲೆ ಕೆರೆದುಕೊಂಡಳು. ಬೆರಳು ಯಾರ ಕಡೆ ತಿರುಗಿದರೆ ಅವರ ಕೈ ಕೆಳಗೆ. ಬೆರಳು ಮುಂದೆ ಹೋದ ಮೇಲೆ ಮತ್ತೆ ಮೇಲಕ್ಕೆ.

"ಇದೇನ್ರೀ ಮೇಷ್ಟ್ರೆ," ಪಾಲಪ್ಪ ತೊಡೆ ತಟ್ಟಿಕೊಂಡು ನಕ್ಕ. "ಮುಟ್ಟಿದ್ರೆ ಮುನಿ ಗಿಡ ಇದ್ದಂಗವ್ರೆ! ಲೇ ಕ್ಯಾತಾ, ನಿನ್ ಓಟ್ಗೆಲ್ಲ ನಾಚ್ಕೆ ಕಣ್ಲಾ!"

ಮೂರು ಸಲ ಎಣಿಸಿದರು. ಒಮ್ಮೆ ಏಳು, ಒಮ್ಮೆ ಒಂಬತ್ತು, ಕೊನೆಗೆ ಐದು. ಇದು ಕ್ಯಾತಪ್ಪನಿಗೆ ಮೊದಲೇ ಹೊಳೆಯಬೇಕಿತ್ತು. ಮನೆ ಮನೆಗೆ ಹೋಗಿ ಎಲೆಅಡಿಕೆ ಕೊಟ್ಟು "ಕೈ ಎತ್ರಪ್ಪಾ" ಎಂದು ಬೇಡಿದ್ದ; ಎತ್ತಿದ ಕೈಯನ್ನು ಯಾರೋ ಎಣಿಸುತ್ತಾರೆ ಎಂಬುದನ್ನೇ ಮರೆತಿದ್ದ.

"ಸಾ," ಎಂದು ಎದ್ದು ನಿಂತ. "ಕುರಿ ರೊಪ್ಪಕ್ಕೆ ಬರೋವಾಗ ಒಂದೊಂದು ಕುರಿಗೆ ಒಂದೊಂದು ಹರಳು ಹಾಕ್ಕೊತೀವಿ ಸಾ. ಬಾಯಲ್ಲಿ ಅಂಕಿ ಆಡಲ್ಲ. ನಮ್ಮೋರೂ ಹಂಗೇ ಹಾಕ್ತಾರೆ. ಆಮ್ಯಾಕೆ ನೀವು ಹರಳು ಎಣಿಸ್ಕಳಿ. ಕಲ್ಲಿಗೇನು ದೋಷ ಇಲ್ಲ."

"ಕುರಿ ಎಣಿಸೋ ಇಸ್ಕೂಲಾತು ಬುಡಿ!" ಎಂದ ಪಾಲಪ್ಪ.

ಮಹಾಲಿಂಗಯ್ಯನವರು ಸುತ್ತೋಲೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಕೈ ಎತ್ತಬೇಕು ಎಂದಿದೆ, ಎತ್ತಿದ್ದಾರೆ. ಹೇಗೆ ಎಣಿಸಬೇಕು ಎಂದು, ಊಂ, ಇಲ್ಲ. ಹಾಕಲಿ. ಆದರೆ ಸಮ ಬಂದರೆ ಹಾಲಿ ಅಧ್ಯಕ್ಷರೇ ಮುಂದುವರಿಯತಕ್ಕದ್ದು."

ಶಾಲೆಯ ತಗಡಿನ ಬಕೆಟ್ಟನ್ನು ಜಗಲಿಯ ಮೇಲೆ ಇಟ್ಟರು. ಹುಚ್ಚಣ್ಣ ಎದ್ದು ಬಂದ. ಟಣ್. ದಾಸಮ್ಮ. ಟಣ್. ಕ್ಯಾತಪ್ಪ ಕಣ್ಣು ಮುಚ್ಚಿಕೊಂಡು ಕಿವಿಯಲ್ಲೇ ಎಣಿಸಿದ. ಹದಿನೇಳನೆಯ ಟಣ್ ಆದ ಮೇಲೆ ಸದ್ದು ನಿಂತಿತು.

ಕಣ್ಣು ಬಿಟ್ಟ. ನಾಗಕ್ಕ ಬೇವಿನ ಬುಡ ಬಿಟ್ಟು ಎದ್ದಿರಲಿಲ್ಲ. ಮುಷ್ಟಿಯೊಳಗೆ ಹರಳೇನೋ ಇತ್ತು.

"ಅವ್ವಾ, ಬರೀ ಕಲ್ಲು ಕಣವ್ವಾ."

"ಕಲ್ಲು ಯಾರ ಮನೇದ್ಲಾ?" ಅವಳ ದನಿ ಅವನಿಗಷ್ಟೇ ಕೇಳುವಷ್ಟು. "ಅವತ್ತು ಗಣತಿಯೋನು ಬಂದು ಎಷ್ಟು ಜನ ಅಂದ. ನಾನೇ ಕಣ್ಲಾ, ಈ ಹಾಳು ಬಾಯಲ್ಲಿ, ಏಳು ಅಂದೆ. ಉಗಾದಿ ಹೊತ್ಗೆ ಆರಾತು."

ಕ್ಯಾತಪ್ಪನ ದೊಡ್ಡ ಮಗನನ್ನು ಜ್ವರ ಮೂರೇ ದಿನದಲ್ಲಿ ಒಯ್ದಿತ್ತು. ಐದು ವರ್ಷವಾಗಿತ್ತು, ಅವ್ವ ಆ ಮಾತು ಎತ್ತಿದ್ದು ಇದೇ ಮೊದಲು. ವಾರವೆಲ್ಲ ಕಂಬಳಿಯೊಳಗೆ ಓಡಾಡಿದ ಹೆಬ್ಬೆರಳನ್ನು ಅವನು ಮುಷ್ಟಿಯಲ್ಲಿ ಬಿಗಿಹಿಡಿದ.

"ಬ್ಯಾಡ ಬುಡವ್ವ. ಮನೀಗ್ ಹೋಗಾನ ನಡಿ."

ಪಾಲಪ್ಪ ಆಗಲೇ ಹೆಗಲ ಮೇಲಿನ ಟವೆಲ್ ಕೊಡವಿಕೊಂಡಿದ್ದ. ನಾಗಕ್ಕ ಏಳಲು ಮಗನ ತೋಳು ಹಿಡಿದವಳು, ಶಾಲೆಯ ಕಿಟಕಿಯ ಸರಳಿಗೆ ಮುಖವಿಟ್ಟು ನಿಂತಿದ್ದ ಪುಟ್ಟಕ್ಕನನ್ನು ಕಂಡು ತಡೆದಳು.

"ಲೇ ಪುಟ್ಟಿ, ಹ್ವಾದ ಮಳೇಲಿ ನೀನು ಹಳ್ಳ ದಾಟಿದ್ದೇನೆ?"

ಪುಟ್ಟಕ್ಕ ಅಪ್ಪನ ಮುಖ ನೋಡಿದಳು. "ಒಂದ್ ದಪ ಕಣಜ್ಜಿ. ಮೇಷ್ಟ್ರು ಹೆಸ್ರು ಹೊಡೆದಾಕ್ತೀನಿ ಅಂದಿದ್ರು."

"ನೀರು ಎಲ್ಲೀಗಂಟ ಇತ್ತು?"

ಹುಡುಗಿ ಅಂಗೈಯನ್ನು ಸೊಂಟದ ಹತ್ತಿರ ಹಿಡಿದಳು. ಅಜ್ಜಿ ನೋಡುತ್ತಲೇ ಇದ್ದಳು. ಅಂಗೈ ಎದೆಗೆ ಬಂತು. ಆಮೇಲೆ, ಮೆಲ್ಲಗೆ, ಗಲ್ಲದ ಕೆಳಕ್ಕೆ.

ಕ್ಯಾತಪ್ಪನಿಗೆ ಇದು ಗೊತ್ತಿರಲಿಲ್ಲ. ನಾಗಕ್ಕ ಅವನ ತೋಳು ಬಿಟ್ಟು ಜಗಲಿಯ ಹತ್ತಿರ ಹೋದಳು. ಬಕೆಟ್ಟಿನ ಮೇಲೆ ಮುಷ್ಟಿ ಹಿಡಿದು ನಿಂತಳು. ಎಷ್ಟೋ ಹೊತ್ತಾದಂತೆ ಅವನಿಗೆ ಅನಿಸಿತು. ಟಣ್.

ಸಂಜೆ ಮಧುಗಿರಿ ಕಡೆಯಿಂದ ಮೋಡ ಏರಿತ್ತು. ಕ್ಯಾತಪ್ಪ ಕುರಿ ಹೊಡೆದುಕೊಂಡು ಬರುವಾಗ ಅವ್ವ ಹಟ್ಟಿಯ ಬೇಲಿಯ ಬಾಗಿಲಲ್ಲಿ ಕೂತಿದ್ದಳು. ಮಡಿಲಲ್ಲಿ ಮೂರು ಹರಳು. ಊರ ಕಡೆಯಿಂದ ಕಿರಿಯ ಮೊಮ್ಮಗ ಓಡಿ ಬಂದ. ಒಂದು ಹರಳು ಮಡಿಲಿಂದ ನೆಲಕ್ಕೆ ಇಳಿಯಿತು. ಅವನ ಅಣ್ಣ ಬಂದ, ಇನ್ನೊಂದು.

"ಪುಟ್ಟಿ ಎಲ್ಲಿ?" ಎಂದ ಕ್ಯಾತಪ್ಪ.

"ಇಸ್ಕೂಲು ಗುಡ್ಸೋ ಸರದಿಯಂತೆ."

ಆಚೆ ಎಲ್ಲೋ ಗುಡುಗಿತು. ಕುರಿಗಳು ರೊಪ್ಪಕ್ಕೆ ಒತ್ತರಿಸಿಕೊಂಡು ನುಗ್ಗುತ್ತಿದ್ದವು. ಅವಕ್ಕೆ ಹರಳು ಹಾಕಿಕೊಳ್ಳುವುದನ್ನೂ ಮರೆತು ಅವನು ಅವ್ವನ ಪಕ್ಕ ನಿಂತ. ಕೊನೆಯ ಹರಳು ಅವಳ ಮುಷ್ಟಿಗೆ ಸೇರಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಹಳ್ಳದ ದಾರಿ ಮಬ್ಬಿನಲ್ಲಿ ಕಾಣಿಸಲಿಲ್ಲ. ಇಬ್ಬರೂ ಅತ್ತಲೇ ನೋಡಿದರು.

ದೂರದಿಂದ, ಮೂಗಿನಲ್ಲಿ ಎಳೆದೆಳೆದು ಬರುವ ಒಂದು ದನಿ: "ಎರಡೊಂದ್ಲ ಎರಡೂ. ಎರಡೆರಡ್ಲ ನಾಕೂ. ಎರಡ್ಮೂರ್ಲ, ಊಂ, ಆರೂ."

ನಾಗಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು. ಮಗ್ಗಿ ಹತ್ತಿರವಾಗುತ್ತಾ ಬಂತು. ಅವಳು ಹರಳನ್ನು ಕೆಳಗಿಡಲಿಲ್ಲ, ಇನ್ನೂ.