ಪೋಷಕರ ವಾಲ್ಟ್ಸ್

ನಮ್ಮ ಈ ಉತ್ತರದ ಹಿಮನಾಡಿನಲ್ಲಿ, ಪ್ರತಿ ಫೆಬ್ರವರಿಯಲ್ಲಿ ಮೂರನೇ ವರ್ಷದವರು ಪಾಠ ಮುಗಿಸಿ ಲಾರಿ ಹತ್ತಿ, ಊರೆಲ್ಲ ಮಿಠಾಯಿ ಎರಚುತ್ತ ಕಾಲೇಜು ಬಿಟ್ಟ ಮಾರನೆಯ ದಿನ ಎರಡನೇ ವರ್ಷದವರು 'ಹಿರಿಯರು' ಆಗುತ್ತಾರೆ. ಅಂದು ಅವರ ನೃತ್ಯ. ಹುಡುಗಿಯರು ನೆಲ ಗುಡಿಸುವ ಗೌನುಗಳಲ್ಲಿ, ಹುಡುಗರು ಬಾಡಿಗೆಯ ಕರಿ ಕೋಟುಗಳಲ್ಲಿ. ನಾನು ವ್ಯಾಯಾಮದ ಅಧ್ಯಾಪಕಿ. ಚಳಿಗಾಲವೆಲ್ಲ ಅವರಿಗೆ ಹೆಜ್ಜೆ ಕಲಿಸಿ, ಆ ದಿನ ಹಾಡು ಹಾಕುವ ಯಂತ್ರದ ಪಕ್ಕ ನಿಲ್ಲುತ್ತೇನೆ.

ಕೊನೆಯದು ಪೋಷಕರ ವಾಲ್ಟ್ಸ್, ಮೂರೆಣಿಕೆಯ ಜೋಡಿ ಕುಣಿತ. ಮಕ್ಕಳು ಕುರ್ಚಿಗಳ ಸಾಲಿಗೆ ಹೋಗಿ ಅಪ್ಪನನ್ನೋ ಅಮ್ಮನನ್ನೋ ಕೈಹಿಡಿದು ಕುಣಿತಕ್ಕೆ ಕರೆತರುತ್ತಾರೆ. ಮನೆಯವರು ಯಾರೂ ಬಾರದ ಮಗು ಪ್ರತಿ ವರ್ಷ ಒಂದಾದರೂ ಇರುತ್ತದೆ. ಅಂಥವರು ನನ್ನ ಬಳಿ ಬರಬೇಕೆಂಬುದು ನಾನೇ ಮಾಡಿದ ಪದ್ಧತಿ. ಶರತ್ಕಾಲದಲ್ಲಿ ಅಣಬೆ ಆರಿಸಲು ಕಾಡಿಗೆ ಹೋದಾಗ, ಬೆಂಕಿಯ ಸುತ್ತ ಕೂತು ಸಾಸೇಜು ಸುಡುವ ಹೊತ್ತಿನಲ್ಲಿ ಪ್ರತಿ ತಂಡಕ್ಕೂ ಇದನ್ನು ಹೇಳುತ್ತೇನೆ. ಈ ಸಲವೂ ಬಾಯಿಗೆ ರೂಢಿಯಾದ ಮಾತು ತಾನಾಗಿ ಬಂತು. ತಂಡದಲ್ಲಿ ನನ್ನ ಮಗಳು ಹೆಲ್ಕಾಳೂ ಇದ್ದಳು. ಆಗ ಅವಳ ಗಮನ ಸಹಪಾಠಿ ಉರ್ಹೊನ ದೊಡ್ಡ ಪಾದಗಳ ಮೇಲಿತ್ತು.

"ಈ ದೋಣಿಗೊಂದು ಹುಟ್ಟು ಕಟ್ಟಿದ್ರೆ ಕೆರೆ ದಾಟ್ಬಹುದು ಕಣೋ," ಎಂದಳು.

"ನಿನ್ನ ಕೂರಿಸ್ಕೊಂಡ್ರೆ ಮುಳುಗುತ್ತೆ," ಎಂದ ಉರ್ಹೊ. ಅವನು ಅಜ್ಜಿಯೊಂದಿಗೆ ದೂರದ ಹಳ್ಳಿಯಲ್ಲಿರುವ ಹುಡುಗ.

ಕಾಲೇಜಿನಲ್ಲಿ ಎಲ್ಲರಂತೆ ಹೆಲ್ಕಾ ಕೂಡ ನನ್ನನ್ನು ಸಿರ್ಪಾ ಎಂದು ಹೆಸರು ಹಿಡಿದೇ ಕರೆಯುತ್ತಾಳೆ. ಇಲ್ಲಿಗೆ ಸೇರಿದ ದಿನವೇ ಅವಳು ಹಾಕಿದ ಷರತ್ತು ಅದು: ಕಾಲೇಜಿನ ಬಾಗಿಲೊಳಗೆ ನಾನು ಅವಳ ಅಮ್ಮನಲ್ಲ. ನಾನು ಚಾಚೂ ತಪ್ಪದೆ ಪಾಲಿಸಿದೆ. ಪಾಲಿಸುತ್ತ ಪಾಲಿಸುತ್ತ ಅದು ಮನೆಯೊಳಕ್ಕೂ ಬಂದುಬಿಟ್ಟಿತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ನೃತ್ಯಕ್ಕೆ ವಾರವಿರುವಾಗ ಅಡುಗೆಮನೆಯಲ್ಲಿ ಅವಳ ಹಸಿರು ಗೌನಿನ ಅಂಚು ಮಡಿಸುತ್ತಿದ್ದೆ. ಅವಳ ಅಪ್ಪ ನಾರ್ವೆಯ ಬಂದರಿನಿಂದ ಬರಲಾಗುವುದಿಲ್ಲವೆಂದು ಫೋನು ಮಾಡಿದ್ದ.

"ಅಮ್ಮ, ಕೊನೇ ಹಾಡಿಗೆ ನೀನು ಆ ಯಂತ್ರದ ಹತ್ರ ನಿಲ್ಬೇಡ. ಎಲ್ಲರ ಅಮ್ಮಂದಿರ ಹಾಗೆ ಕುರ್ಚೀಲಿ ಕೂತಿರು. ನಾನು ಬಂದು ಕರೀತೀನಿ," ಎಂದಳು.

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಆಗಲೆಂದು ತಲೆಯಾಡಿಸಿದೆ. ಕಾಡಿನಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಆಗಲೂ ಹೊಳೆಯಲಿಲ್ಲ.

ಆ ದಿನ ಕೊನೆಯ ಹಾಡು ಹಾಕಿ, ಎರಡನೇ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತೆ. ಹೆಲ್ಕಾ ಆ ತುದಿಯಿಂದ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬರುತ್ತಿದ್ದಳು. ಅವಳು ತಲುಪುವ ಮೊದಲೇ ಉರ್ಹೊ ನನ್ನ ಮುಂದೆ ನಿಂತಿದ್ದ. ಬಿಳಿ ಗವಸಿನ ಕೈ ಚಾಚಿದ್ದ.

"ಹಿಮ ಬಿದ್ದು ಅಜ್ಜಿಯ ಬಸ್ಸು ಹೊರಡಲೇ ಇಲ್ವಂತೆ," ಎಂದ. "ನೀವು ಹೇಳಿದ್ರಲ್ಲ, ಸಿರ್ಪಾ."

ಹೆಲ್ಕಾ ಅವನ ಬೆನ್ನ ಹಿಂದೆ ನಿಂತಳು. ನಾನು ಇಬ್ಬರನ್ನೂ ನೋಡಿದೆ. ಅವನಿಗೆ ಅವಳು ಕಾಣಿಸಿರಲಿಲ್ಲ.

"ಹೋಗಿ, ಸಿರ್ಪಾ," ಎಂದಳು ಹೆಲ್ಕಾ, ಮೆಲ್ಲಗೆ.

ಹೋದೆ. ಉರ್ಹೊ ತುಟಿಯಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತ ಕುಣಿದ. ನಾನು ಕಲಿಸಿದ ಹಾಗೆಯೇ ಬೆನ್ನು ನೆಟ್ಟಗಿಟ್ಟಿದ್ದ. ಅವನ ಭುಜದಾಚೆ ಕಣ್ಣು ಹಾಯಿಸಿದೆ. ಸುತ್ತಲೂ ಅಮ್ಮಂದಿರು, ಅಪ್ಪಂದಿರು. ಹಸಿರು ಗೌನು ಎಲ್ಲೂ ಇರಲಿಲ್ಲ. ಹೊರಗೆ ಹೋಗಿರಬೇಕು ಅಂದುಕೊಂಡೆ.

ಹಾಡು ಮುಗಿಯಿತು. ಎಲ್ಲರೂ ಬಾಗಿ ವಂದಿಸಿದರು. ಪ್ರಾಂಶುಪಾಲರು ಭಾಷಣದ ಚೀಟಿ ಬಿಡಿಸುತ್ತ ಮೈಕಿನತ್ತ ಹೊರಟರು. ಅಷ್ಟರಲ್ಲಿ ಅದೇ ವಾಲ್ಟ್ಸ್ ಮೊದಲಿನಿಂದ ಶುರುವಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿ, ನಕ್ಕು, ಮತ್ತೆ ಕೈ ಹಿಡಿದರು. ಪ್ರಾಂಶುಪಾಲರು ಚೀಟಿ ಮಡಿಸಿದರು.

ಯಂತ್ರದ ಪಕ್ಕದಿಂದ ಹೆಲ್ಕಾ ಬಂದಳು.

"ಏನೋ ಕೆಟ್ಟಿರ್ಬೇಕು," ಎಂದಳು ಉರ್ಹೊಗೆ. "ನಿನ್ನ ಸರದಿ ಮುಗೀತು, ದೋಣಿ."

ಅವನು ಅವಳಿಗೂ ಬಾಗಿ ವಂದಿಸಿ ಪಕ್ಕಕ್ಕೆ ಸರಿದ. ಅವಳು ನನ್ನ ಕೈ ಹಿಡಿದಳು. ತಾಳಕ್ಕೆ ಕಾಯದೆ ಹೆಜ್ಜೆ ಇಟ್ಟಳು. ಇಡೀ ಚಳಿಗಾಲ ನಾನು ತಿದ್ದಿದ್ದ ತಪ್ಪು ಅದು. ಸುಮ್ಮನೆ ಅವಳ ಜೊತೆ ಹೆಜ್ಜೆ ಹಾಕಿದೆ.