ದೋಣಿಯ ಎಡ ಮಗ್ಗುಲು

"ಈಗ ನೋಡು, ಹೊಳೀತಿದೆಯಲ್ಲ?" ಎನ್ನುತ್ತ ಅಂಬಿಗ ಒದ್ದೆ ಉಜ್ಜುಕಾಗದವನ್ನು ಪಕ್ಕಕ್ಕಿಟ್ಟ.

ಹೆಂಡತಿ ನೋಡಿದಳು. ಬೆಳಗಿನ ಆರರಿಂದ ಇಬ್ಬರೂ ಸೇರಿ ದೋಣಿಯ ಮಗ್ಗುಲಲ್ಲಿ ಉಜ್ಜಿ ಕನ್ನಡಿಯಂತೆ ಮಾಡಿದ್ದ ಮಾರುದ್ದದ ಜಾಗ ಬೂದಿ ಬಳಿದ ಹಾಗೆ ಮಂಕಾಗಿತ್ತು. ನಯದ ಕಾಗದ ಎಂದುಕೊಂಡು ಅವನು ಒರಟು ಕಾಗದದಲ್ಲಿ ಉಜ್ಜಿದ್ದ. ಅದರ ಬೆನ್ನ ಮೇಲೆ ಎಷ್ಟು ಒರಟು ಎನ್ನುವ ನಂಬರು ದಪ್ಪಗೆ ಅಚ್ಚಾಗಿತ್ತು. ಬೆರಳ ತುದಿಗಳು ಆಗಲೇ ಮರಗಟ್ಟಿದ್ದರಿಂದ ಅವನಿಗೆ ಮುಟ್ಟಿದರೂ ತಿಳಿದಿರಲಿಲ್ಲ.

ಅವಳು ಅವನ ಬಲಕ್ಕಿದ್ದ ಪಾಲಿಶ್ ಡಬ್ಬಿಯನ್ನು ಸದ್ದಾಗದಂತೆ ಎತ್ತಿ ಎಡಕ್ಕಿಟ್ಟಳು. ಅವನ ಕೈ ಬಲಕ್ಕೇ ಹೋಯಿತು. ಬರಿ ಹಲಗೆಯನ್ನು ತಟ್ಟಿತು, ಇನ್ನೊಮ್ಮೆ ತಟ್ಟಿತು.

ಹದಿನಾಲ್ಕು ಜನ ಕೂರುವ ಅಲ್ಯೂಮಿನಿಯಂ ದೋಣಿ ಅದು. ಆಚೆ ದಡದಿಂದ ಈಚೆಗೆ, ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಅದೊಂದೇ ದಾರಿ. ಅವನು ಓಡಿಸುತ್ತಿದ್ದ, ಅವಳು ಟಿಕೆಟ್ ಹರಿಯುತ್ತಿದ್ದಳು. ಕೆಲವು ತಿಂಗಳಿಂದ ದೋಣಿಯ ಎಡ ಮಗ್ಗುಲು, ಜನ ಹತ್ತಿಳಿಯುವ ಕಟ್ಟೆಯ ಕಲ್ಲಿಗೆ ಉಜ್ಜಿ ಉಜ್ಜಿ ಗೀರುಗಳಿಂದ ತುಂಬಿಹೋಗಿತ್ತು. ಕೇಳಿದರೆ ಗಾಳಿ ಜಾಸ್ತಿ ಎನ್ನುತ್ತಿದ್ದ, ಇಲ್ಲವೆ ನೀರು ಇಳಿದಿದೆ ಎನ್ನುತ್ತಿದ್ದ. "ಕಟ್ಟೆಗೆ ಮುತ್ತು ಕೊಡದಿದ್ರೆ ಅಂಬಿಗಣ್ಣನಿಗೆ ಊಟ ಸೇರಲ್ಲ" ಎಂದು ಪ್ರಯಾಣಿಕರು ನಗುತ್ತಿದ್ದರು. ಅವಳೂ ನಕ್ಕಿದ್ದಳು. ಇವತ್ತು ಹನ್ನೊಂದಕ್ಕೆ ಪರವಾನಗಿ ಕೊಡುವ ಸಾಹೇಬರು ಬರುವವರಿದ್ದರು. ಗೀರು ಕಂಡರೆ ಯಾಕೆ ಎಂದು ಕೇಳದೆ ಬಿಡುವ ಆಸಾಮಿಯಲ್ಲ.

"ಯಾವಾಗಿಂದ?" ಎಂದಳು.

"ಏನು ಯಾವಾಗಿಂದ?"

"ಕಣ್ಣು."

ಅವನು ಡಬ್ಬಿ ಹುಡುಕುವುದನ್ನು ನಿಲ್ಲಿಸಿದ. ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕುಳಿತ.

"ಮಳೆಗಾಲಕ್ಕೂ ಮುಂಚೆಯಿಂದ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ಯಾರೋ ನಿಂತಿದಾರೆ ಅಂತ ಗೊತ್ತಾಗುತ್ತೆ, ಮುಖ ಕಾಣಲ್ಲ. ಒಳಗಿನ ನರ ಒಣಗಿದೆಯಂತೆ. ಆಪರೇಷನ್ನಿಗೂ ಬರಲ್ಲ ಅಂದ್ರು ಡಾಕ್ಟ್ರು."

"ನನ್ನ ಮುಖ?"

"ನಿಂದು ನಂಗೆ ಗೊತ್ತಿದೆಯಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅಷ್ಟು ಜನಾನ ಕೂರಿಸ್ಕೊಂಡು ಹೆಂಗೆ ಓಡಿಸ್ತಿದ್ರಿ?"

"ಇಪ್ಪತ್ತೆಂಟು ವರ್ಷ ಆಯ್ತು ಕಣೇ. ನೀರಿನ ಸದ್ದಲ್ಲೇ ಗೊತ್ತಾಗುತ್ತೆ."

"ಕಟ್ಟೆಗೆ ಸದ್ದಿಲ್ವಲ್ಲ."

ಅವನು ತಗ್ಗಿದ ದನಿಯಲ್ಲಿ, "ಇದೊಂದು ಸಲ ದಾಟಿಸಿಬಿಡು. ಇದೂ ಹೋದ್ರೆ ನಾನು ಯಾರು ಹೇಳು. ಮನೆ ಮೂಲೇಲಿ ಕೂತು ಗೋಡೆ ಸವರ್ತಾ ಇರ್ಲಾ?" ಎಂದ. ಮದುವೆಯಾದಾಗಿನಿಂದ ಅವನು ಹೀಗೆ ಬೇಡಿದ್ದನ್ನು ಅವಳು ಕೇಳಿರಲಿಲ್ಲ.

ಡಬ್ಬಿಯನ್ನು ಹೊಳೆಗೆ ಎಸೆಯಬೇಕು ಎನ್ನಿಸಿತು. ಎಸೆಯಲಿಲ್ಲ. ನಯದ ಕಾಗದವನ್ನು ಬಕೆಟ್ಟಿನಲ್ಲಿ ಅದ್ದಿ, ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಕುಕ್ಕರಗಾಲಲ್ಲಿ ಕುಳಿತಳು. ಉದ್ದಕ್ಕೆ ಮಾತ್ರ ಉಜ್ಜಬೇಕು, ಸುತ್ತಿಸಿ ಉಜ್ಜಿದರೆ ಬಿಸಿಲಿಗೆ ಸುಳಿ ಸುಳಿಯಾಗಿ ಕಾಣುತ್ತದೆ. ಉಜ್ಜಿದಳು, ತೊಳೆದಳು, ಉಗುರು ಆಡಿಸಿ ನೋಡಿದಳು. ಉಗುರು ಸಿಕ್ಕಿಕೊಂಡಲ್ಲೆಲ್ಲ ಮತ್ತೆ ಉಜ್ಜಿದಳು. ಪಾಲಿಶ್ ಹಚ್ಚಿ ತಿಕ್ಕಿದಂತೆ ಆ ಬೆಳ್ಳನೆಯ ಲೋಹದಿಂದ ಮಸಿಯಂಥ ಕಪ್ಪು ಬಂದು ಬಟ್ಟೆಯನ್ನು, ಅವಳ ಮೊಣಕೈಯನ್ನು, ಬೆವರು ಒರೆಸಿಕೊಂಡಾಗ ಹಣೆಯನ್ನೂ ಹಿಡಿಯಿತು. ಭುಜ ಬಿದ್ದುಹೋಗುವಂತೆ ನೋಯುತ್ತಿತ್ತು. ಒಂದೊಂದು ಗೀರು ಮಾಯವಾದಾಗಲೂ ಅದು ಯಾವ ದಿನದ್ದಿರಬಹುದು, ಅವತ್ತು ದೋಣಿಯಲ್ಲಿ ಯಾರಿದ್ದರು ಎಂದು ಮನಸ್ಸು ಕೇಳುತ್ತಿತ್ತು. ಕೇಳಿದಷ್ಟೂ ಜೋರಾಗಿ ಉಜ್ಜಿದಳು. ಅವನು ಪಕ್ಕದಲ್ಲಿ ನಿಂತು, ಅವಳು ಹೇಳಿದಾಗ ನೀರು ಹೊಯ್ಯುತ್ತಿದ್ದ.

ಹತ್ತೂವರೆಗೆ ನಾಲ್ಕು ಜನ ಕೈಹಾಕಿ ದೋಣಿಯನ್ನು ನೀರಿಗೆ ತಳ್ಳಿದರು. ಎಡ ಮಗ್ಗುಲಲ್ಲಿ ಹೊಳೆಯ ಅಲೆ, ಕಟ್ಟೆಯ ಕಲ್ಲು, ಆಕಾಶ ಎಲ್ಲ ತಲೆಕೆಳಗಾಗಿ ಆಡುತ್ತಿದ್ದವು.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. ಎಂಜಿನ್ ನೋಡಿದರು, ಲೈಫ್ ಜಾಕೆಟ್ ಎಣಿಸಿದರು, ಬಗ್ಗಿ ಮಗ್ಗುಲು ಸವರಿದರು. "ಹೊಸ ದೋಣಿ ಮಾಡಿಸಿದ್ರಾ ಹೇಗೆ?" ಎಂದರು. ಅಂಬಿಗ ಬಾಯ್ತುಂಬ ನಕ್ಕು, "ಇವಳ ಕೈಗುಣ ಸರ್" ಎಂದ. ಸಾಹೇಬರು ಪೆನ್ನು ತೆಗೆದರು.

ಕಾದಿದ್ದ ಪ್ರಯಾಣಿಕರು ಹತ್ತತೊಡಗಿದ್ದರು. ಹಿಂದಿನ ದಿನ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಆಚೆ ದಡಕ್ಕೆ ಮರಳಲು ತಾಯಿಯ ಜತೆ ಬಂದಿದ್ದ ತುಂಬು ಬಸುರಿಯೊಬ್ಬಳು ಕಟ್ಟೆಯ ಅಂಚಿಗೆ ಬಂದು, ಹಿಡಿದುಕೋ ಎಂಬಂತೆ ಅಂಬಿಗನ ಕಡೆ ಕೈ ಚಾಚಿದಳು. ಅವನು ಮೊಳದಷ್ಟು ದೂರದಲ್ಲಿ ನಿಂತಿದ್ದ. ಅವಳು ಅವನ ಎಡಕ್ಕಿದ್ದಳು. ಆ ಕೈ ಗಾಳಿಯಲ್ಲೇ ಉಳಿಯಿತು. ಅಂಬಿಗ ಹೊಳೆಯ ಕಡೆ ಮುಖ ಮಾಡಿ ನಗುತ್ತಲೇ ಇದ್ದ. ಬಸುರಿಯ ಒಂದು ಕಾಲು ಆಗಲೇ ದೋಣಿಯ ಅಂಚಿನ ಮೇಲಿತ್ತು.

ಹೆಂಡತಿ ಓಡಿ ಬಂದು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಸರ್, ಸಹಿ ಹಾಕ್ಬೇಡಿ," ಎಂದಳು.

"ಏನಮ್ಮ?"

"ಇವರಿಗೆ ಕಣ್ಣು ಕಾಣಲ್ಲ."

ಹತ್ತಿದವರೂ ಹತ್ತದವರೂ ಅಲ್ಲಲ್ಲೇ ನಿಂತರು. ಸಾಹೇಬರು ಪೆನ್ನನ್ನು ಜೇಬಿಗಿಟ್ಟು ಅಂಬಿಗನ ಮುಂದೆ ಕೈ ಎತ್ತಿ ಹಿಡಿದರು. "ಅಣ್ಣ, ನನ್ನ ಕೈಯಲ್ಲಿ ಏನಿದೆ?"

ಅವನು ಸಾಹೇಬರ ದನಿಯ ಕಡೆ ಮುಖ ತಿರುಗಿಸಿದ.

"ಪೆನ್ನು," ಎಂದ.

ಸಾಹೇಬರು ಬರಿಗೈಯನ್ನು ಮೆಲ್ಲಗೆ ಇಳಿಸಿದರು. ಹೊಳೆಯ ಮೇಲ್ಭಾಗದ ಇನ್ನೊಂದು ಕಟ್ಟೆಯಿಂದ ಬೇರೆ ದೋಣಿ ಕಳಿಸುವಂತೆ ಫೋನ್ ಮಾಡಿದರು. ಹತ್ತಿದವರು ಒಬ್ಬೊಬ್ಬರಾಗಿ ಇಳಿದರು. ಬಸುರಿಯ ತಾಯಿ ಏನೋ ಅನ್ನಲು ಬಾಯಿ ತೆರೆದವಳು, ಅಂಬಿಗನ ಹೆಂಡತಿಯ ಮಸಿ ಹಿಡಿದ ಮುಖ ನೋಡಿ ಮಗಳನ್ನು ಕರೆದುಕೊಂಡು ಪಕ್ಕಕ್ಕೆ ಸರಿದಳು. ಅಂಬಿಗ ಹಗ್ಗ ಕಟ್ಟಿದ, ಗಂಟನ್ನು ಎರಡು ಸಲ ಮುಟ್ಟಿ ನೋಡಿದ, ಎಂಜಿನ್ನಿನ ಕೀಲಿಯನ್ನು ಸಾಹೇಬರಿದ್ದ ಕಡೆಗೆ ಚಾಚಿದ.

ಜನ ಚದುರಿದ ಮೇಲೆ ಇಬ್ಬರೂ ಮನೆ ಕಡೆ ಹೊರಟರು. ಅವಳು ಅರ್ಧ ಹೆಜ್ಜೆ ಮುಂದಿದ್ದಳು. ಅವನು ತನ್ನ ಮೇಲೆ ಕೂಗಾಡಲಿ, ಕೈಯನ್ನಾದರೂ ಎತ್ತಲಿ ಎಂದು ಕಾಯುತ್ತಿದ್ದಳು.

"ಮೆಟ್ಟಿಲು ಬಂತು," ಎಂದಳು.

"ಗೊತ್ತು," ಎಂದ. ಆದರೆ ಕಾಲು ಎತ್ತಲಿಲ್ಲ. ನಿಂತೇ ಇದ್ದ.

"ಎಷ್ಟಿವೆ?" ಎಂದು ಕೇಳಿದ.

ಇಷ್ಟು ವರ್ಷ ದಿನಕ್ಕೆರಡು ಸಲ ಹತ್ತಿ ಇಳಿದಿದ್ದರೂ ಅವಳು ಎಣಿಸಿರಲಿಲ್ಲ. ತಲೆ ಎತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದೊಂದಾಗಿ ಎಣಿಸತೊಡಗಿದಳು.