ಫೋಟೋಗೆ ಕೊಟ್ಟ ಕೈಗವಸು

"ಲೇ, ಆ ದರಿದ್ರ ಕೈ ಬಚ್ಚಿಡೇ. ನೋಡಿದ್ರೆ ಜನ ಏಡಿ ತಿನ್ನೋದೇ ಬಿಡ್ತಾರೆ."

ಏಡಿ ಮಂಡಿಯ ಧಣಿ ಹಾಗೆ ಬೈದದ್ದು ದಾರದಕ್ಕನಿಗೆ. ಜೀವಂತ ಏಡಿಯ ಕೊಂಡಿಗಳನ್ನು ದಾರದಿಂದ ಬಿಗಿಯುವುದು ಅವಳ ಕೆಲಸ. ಏಡಿ ಕಚ್ಚಿ ಬಲಗೈಯ ಕಿರುಬೆರಳು ಆಗಲೇ ಅರ್ಧ ಹೋಗಿತ್ತು. ಇನ್ನೊಂದು ಹೋದರೆ ಗಂಟು ಹಾಕಲು ಬಾರದು, ಕೆಲಸವೂ ಉಳಿಯದು. ಕೈಗವಸು ಕೊಡಿ ಎಂದು ವರ್ಷಗಟ್ಟಲೆ ಕೇಳಿ ಅವಳ ಬಾಯಿ ಸೋತಿತ್ತು.

ಈ ಬೆರಳುಗಳ ಸುದ್ದಿ ಪೇಪರಿನಲ್ಲಿ ಬಂದು ಧಣಿಯ ಮಾನ ಹರಾಜಾಗಿತ್ತು. ಅದನ್ನು ತೊಳೆಯಲು ಧಣಿಯೇ ಇವತ್ತು ಫೋಟೋದವನನ್ನು ಕರೆಸಿದ್ದ. ದಾರ ಬಿಗಿಯುವ ಹನ್ನೆರಡು ಹೆಂಗಸರಿಗೂ ಹಳದಿ ಕೈಗವಸು ಸಿಕ್ಕಿತು. ಬೆಲೆಚೀಟಿ ಮಾತ್ರ ಕೀಳಬಾರದಂತೆ, ಸಂಜೆ ಅಂಗಡಿಗೆ ವಾಪಸು ಕೊಡಬೇಕಂತೆ. ಎಂಥಾ ಧಾರಾಳ!

ಏಡಿಯ ವಾಸನೆಗೇ ಮೂಗು ಮುಚ್ಚುವ ಆ ಪುಣ್ಯಾತ್ಮ ಧಣಿ ಹೊಸ ಬಲೆ ಹೆಗಲಿಗೇರಿಸಿ, ಒಂದು ಏಡಿಯನ್ನು ಕೆನ್ನೆಗೆ ಒತ್ತಿ ನಿಂತ. ದಾರ ಕಂಡರೆ ಹಿಂಸೆ ಮಾಡಿದಂತೆ ಕಾಣುತ್ತದೆ ಎಂದ ಫೋಟೋದವನು. ಬಿಚ್ಚಿದರೆ ಕಚ್ಚುತ್ತದೆ ಎಂದಳು ದಾರದಕ್ಕ.

"ನಂಗೇ ಏಡಿ ಪಾಠ ಹೇಳ್ತೀಯೇನೇ, ಮುಂಡೇದೇ? ಬಿಚ್ಚು ಅಂದ್ರೆ ಬಿಚ್ಚು," ಎಂದು ಗದರಿದ ಧಣಿ.

ಬಿಚ್ಚಿದಳು. ಏಡಿ ನೆಟ್ಟಗೆ ಧಣಿಯ ಮೂಗು ಹಿಡಿಯಿತು.

ಮೇಸ್ತ್ರಿ ಓಡಿ ಬಂದು ಏಡಿಯನ್ನು ಎಳೆದ. ಏಡಿಯ ಹಿಂದೆ ಧಣಿಯೂ ಬಂದ. ಫೋಟೋದವನು ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದ.

"ಅಕ್ಕಾ, ಏನಾದ್ರೂ ಮಾಡಕ್ಕಾ," ಎಂದ ಧಣಿ.

ಇಷ್ಟು ವರ್ಷದಲ್ಲಿ ಅವಳು ಅವನಿಗೆ ಅಕ್ಕ ಆದದ್ದು ಇದೇ ಮೊದಲು. ದಾರದಕ್ಕ ನೀರಿನ ಬಕೆಟ್ಟನ್ನು ತನ್ನ ಕಾಲಬಳಿಗೆ ಎಳೆದುಕೊಂಡಳು.

"ನೀರಲ್ಲಿ ಮುಳುಗಿಸಿದ್ರೆ ತಾನಾಗೇ ಬಿಡತ್ತೆ, ಧಣಿ. ಮೊದ್ಲು ಹೇಳಿ, ಕೈಗವಸು ನಮಗೇ ತಾನೇ?"

ಧಣಿ ಹೂಂ ಎಂದು ತಲೆಯಾಡಿಸಿದ. ಏಡಿಯೂ ಆಡಿತು. ಆಮೇಲೆ ಅವಳು ಬಕೆಟ್ ಅವನತ್ತ ಸರಿಸಿದಳು, ಅವನು ಕಿವಿಯವರೆಗೂ ಮುಖ ಮುಳುಗಿಸಿದ. ಏಡಿ ನೀರು ಕಂಡದ್ದೇ ಮೂಗು ಬಿಟ್ಟು ತಳಕ್ಕಿಳಿಯಿತು.

ಧಣಿ ಮೇಲೆದ್ದ. ಮೂಗು ಟೊಮೆಟೊ ಹಣ್ಣಾಗಿತ್ತು. ಉಸಿರು ಬಂದ ಕೂಡಲೇ ಮಾತು ತಿರುಗಿತು.

"ಕಳಚ್ರೇ ಆ ಕೈಗವಸನ್ನ, ಬೇವರ್ಸಿಗಳಾ."

ಯಾರೂ ಕಳಚಲಿಲ್ಲ. ದಾರದಕ್ಕನ ತುಟಿಯಲ್ಲಿ ನಗು. ಅವಳು ಬೆಲೆಚೀಟಿಯನ್ನು ಹಲ್ಲಿನಿಂದ ಕಿತ್ತು ಉಗುಳಿದಳು. ಉಳಿದ ಹನ್ನೊಂದು ಹೆಂಗಸರೂ ಕಿತ್ತು ಉಗುಳಿದರು. ಆಮೇಲೆ ಅವಳು ಬುಟ್ಟಿಯಿಂದ ಇನ್ನೊಂದು ಏಡಿ ಎತ್ತಿಕೊಂಡು, ಧಣಿಯ ಮುಖವನ್ನೇ ನೋಡುತ್ತಾ, ದಾರದ ಗಂಟು ಸಡಿಲಿಸತೊಡಗಿದಳು.